ಬರಿಗೈ ನಡಿಗೆ

ನರಗುಂದ ಮತ್ತು ರೋಣದ ನಡುವಿನ ಎರೆ ಸೀಮೆಯಲ್ಲಿ ಚಳಿಗಾಲದ ನಡಿಗೆ ಎಂದರೆ ಊರ ಅಗಸಿ ದಾಟಿ, ಚಕ್ಕಡಿ ದಾರಿ ಹಿಡಿದು, ಬಿಳಿಜೋಳದ ಹೊಲಗಳ ನಡುವೆ ಬೆಣ್ಣೆಹಳ್ಳದ ದಂಡೆಯ ತನಕ ಹೋಗಿ ಬರುವುದು. ದೂರ ಹೆಚ್ಚೆಂದರೆ ಒಂದೂವರೆ ಮೈಲಿ. ಏರಿಲ್ಲ, ಇಳಿವಿಲ್ಲ, ದಾರಿ ತಪ್ಪುವ ಭಯವಿಲ್ಲ. ಪಡುವಣಕ್ಕೆ ನರಗುಂದದ ಗುಡ್ಡ ಕಾಣುತ್ತಲೇ ಇರುತ್ತದೆ. ಕಾಲಿಗೆ ಇಷ್ಟು ಹಗುರವಾದ ಈ ನಡಿಗೆ ಬಾಯಿಗೆ ಮಾತ್ರ ಬಲು ತ್ರಾಸಿನದು. ಹೊಸ್ತಿಲಿನಿಂದ ಹಳ್ಳದವರೆಗೆ ಎದುರಾದವರೆಲ್ಲ ಕೇಳುವುದು ಒಂದೇ ಮಾತು: "ಯಾಕಡೆ ಹೊಂಟ್ರಿ?"

ಈ ಮಾತಿಗೆ ಊರಲ್ಲಿ ಸಲ್ಲುವ ಉತ್ತರಗಳು ಕೆಲವೇ. ಹೊಲಕ್ಕೆ, ಗುಡಿಗೆ, ಬಸ್‌ ಸ್ಟ್ಯಾಂಡಿಗೆ, ಗಿರಣಿಗೆ. ಕೈಯಲ್ಲಿ ಕುಡಗೋಲು ಇದ್ದವನನ್ನು, ತಲೆಯ ಮೇಲೆ ಬುತ್ತಿ ಇದ್ದವಳನ್ನು ಕೇಳುವ ಅಗತ್ಯವೇ ಇರುವುದಿಲ್ಲ, ಆದರೂ ಕೇಳುತ್ತಾರೆ. ಬೆಳ್ಳಂಬೆಳಗ್ಗೆ ತಂಬಿಗೆ ಹಿಡಿದು ಹೊರಟವನನ್ನು ಕೇಳುವವರಿಲ್ಲ. ಅವನಿಗೆ ಆ ಹೊತ್ತಿನಲ್ಲಿ ಊರೇ ದಾರಿ ಬಿಡುತ್ತದೆ. ಪೇಚಾಟವೆಲ್ಲ ಬರಿಗೈಯಲ್ಲಿ ಹೊರಟವನದು. "ಸುಮ್ನ, ಹಂಗ ಅಡ್ಡಾಡಾಕ" ಎಂದು ಅವನು ಹೇಳಿದ ಕೂಡಲೇ ಕೇಳಿದವರ ಮುಖದಲ್ಲಿ ಮರುಕ ಮೂಡುತ್ತದೆ. ಮನೆಯಲ್ಲಿ ಜಗಳವಾಗಿರಬಹುದು, ಹೊಲ ಮಾರುವ ವಿಚಾರವಿರಬಹುದು. ಇವೆರಡೂ ಅಲ್ಲದಿದ್ದರೆ ಉಳಿಯುವುದು ಒಂದೇ ಕಾರಣ, ಅದನ್ನೂ ಕೇಳಿಯೇ ಬಿಡುತ್ತಾರೆ: "ಸಕ್ರಿ ಐತೇನ್ರೀ? ಡಾಕ್ಟರು ಹೇಳ್ಯಾರೇನು?" ಕೆಲಸವಿಲ್ಲದೆ ನಡೆಯುವುದಕ್ಕೆ ಈ ಸೀಮೆ ಒಪ್ಪಿಕೊಂಡಿರುವ ಕಾರಣವೆಂದರೆ ಸಕ್ಕರೆ ಕಾಯಿಲೆ ಒಂದೇ. ಡಿಸೆಂಬರ್ ರಜೆಯಲ್ಲಿ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬರುವ, ಪ್ರಕೃತಿಯ ಮೇಲೆ ಪ್ರಬಂಧ ಬರೆಯುವ ಚಟವಿರುವ ಜನ ಎರಡು ದಿನ ವಾದಿಸಿ ನೋಡಿ, ಮೂರನೆಯ ದಿನ ಇಲ್ಲದ ಕಾಯಿಲೆಯನ್ನು ಒಪ್ಪಿಕೊಂಡು ಮುಂದೆ ಸಾಗುತ್ತಾರೆ.

ನಡಿಗೆಗೆ ಬೆಳಗು ಒಳ್ಳೆಯದೆಂದು ಪುಸ್ತಕಗಳು ಹೇಳುತ್ತವೆ. ಇಲ್ಲಿಯ ಬೆಳಗು ಅಷ್ಟು ಬೇಗ ಸಿಗುವ ವಸ್ತುವಲ್ಲ. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಆಸುಪಾಸಿನದಾದರೂ ಸೂರ್ಯ ಎಲ್ಲಕ್ಕಿಂತ ತಡವಾಗಿ ಏಳುವುದು ಅಂದಲ್ಲ. ಭೂಮಿ ಜನವರಿಯ ಮೊದಲ ವಾರದಲ್ಲಿ ಸೂರ್ಯನಿಗೆ ಅತಿ ಸಮೀಪ ಬಂದು ವೇಗವಾಗಿ ಓಡುತ್ತದೆ, ಅದರ ಅಕ್ಷವೂ ಓರೆ. ಇವೆರಡೂ ಸೇರಿ ಗಡಿಯಾರದ ಲೆಕ್ಕದಲ್ಲಿ ನಡುಮಧ್ಯಾಹ್ನವನ್ನು ದಿನಕ್ಕೆ ಅರೆ ನಿಮಿಷದಷ್ಟು ಮುಂದೆ ತಳ್ಳುತ್ತ ಹೋಗುತ್ತವೆ. ಹೀಗಾಗಿ ಗದಗ ಜಿಲ್ಲೆಯಲ್ಲಿ ಅತಿ ತಡದ ಸೂರ್ಯೋದಯ ಬೀಳುವುದು ಜನವರಿಯ ನಡುಭಾಗ ದಾಟಿದ ಮೇಲೆ, ಹತ್ತಿರ ಹತ್ತಿರ 7 ಗಂಟೆಗೆ. ಉತ್ತರಾಯಣ ಬಂತೆಂದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಿಂದು ಎಲ್ಲರೂ ಹುರುಪಿನಲ್ಲಿರುವ ವಾರದಲ್ಲೇ ಸೂರ್ಯ ಎಲ್ಲರಿಗಿಂತ ಹೆಚ್ಚು ಹೊತ್ತು ಮಲಗಿರುತ್ತಾನೆ.

ಅವನನ್ನು ದೂರುವಂತಿಲ್ಲ. ಊರೂ ಮಲಗಿರುತ್ತದೆ, ಹಳೆಯ ಸೀರೆಗಳನ್ನು ಪದರು ಪದರಾಗಿ ಹೊಲಿದ ಕೌದಿಯೊಳಗೆ. ಥಂಡಿ ಎಂದರೆ 14, 15 ಡಿಗ್ರಿ. ಇಷ್ಟಕ್ಕೆ ಅಂಗಿ ಬಿಚ್ಚಿ ಬಿಸಿಲು ಕಾಯಿಸುವ ದೇಶಗಳು ಭೂಮಿಯ ಮೇಲೆ ಸಾಕಷ್ಟಿವೆ. ಇಲ್ಲಿ ಮಂಕಿ ಟೋಪಿ, ಅದರ ಮೇಲೆ ಟವೆಲ್ಲು, ಅದರ ಮೇಲೆ ಕಂಬಳಿ. ಕಣ್ಣು ಮೂಗು ಮಾತ್ರ ಹೊರಗಿರುವ ಆಸಾಮಿ ಯಾರೆಂದು ತಿಳಿಯುವುದು ಅವನು "ಯಾಕಡೆ" ಎಂದು ಬಾಯಿ ತೆರೆದಾಗಲೇ. ಮೈ ಕೊರೆಯುವುದು ಡಿಗ್ರಿಯಲ್ಲ, ಮೂಡಗಾಳಿ. ಮಳೆಗಾಲದಲ್ಲಿ ಪಡುವಣದಿಂದ ಬೀಸಿದ ಗಾಳಿ ಈಗ ದಿಕ್ಕು ಬದಲಿಸಿ ಮೂಡಣದಿಂದ ಒಣ ಥಂಡಿಯನ್ನು ತರುತ್ತದೆ. ಗಿಡಮರ ವಿರಳವಾದ ಬಯಲಲ್ಲಿ ಅದನ್ನು ತಡೆಯುವವರಿಲ್ಲ. ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ. ಹಿಂಗಾರಿನ ಬೆಳೆಗೆ ಮಾತ್ರ ಇದೇ ಗಾಳಿ ಹಿತ. ಆದ್ದರಿಂದ ರೈತ ಅದನ್ನು ಬೈಯುವಾಗಲೂ ಮೆತ್ತಗೆ ಬೈಯುತ್ತಾನೆ.

ಅಗಸಿಗೆ ಈಗ ಬಾಗಿಲಿಲ್ಲ. ಎರಡು ಕಲ್ಲುಗೋಡೆ, ಒಂದು ಕಟ್ಟೆ, ಮೇಲೊಂದು ಬೇವಿನ ಗಿಡ ಉಳಿದಿವೆ. ಚಳಿಗಾಲದಲ್ಲಿ ಈ ಕಟ್ಟೆಯ ಮೇಲಿನ ಜಾಗಗಳು ಬಿಸಿಲಿನ ಲೆಕ್ಕದಲ್ಲಿ ಹಂಚಿಕೆಯಾಗಿರುತ್ತವೆ. ಮೊದಲ ಬಿಸಿಲು ಬೀಳುವ ಮೂಲೆ ವಯಸ್ಸಾದವರದು. ಬಿಸಿಲು ಸರಿದಂತೆ ಅವರೂ ಕುಂಡಿ ಎತ್ತದೆ ಸರಿಯುತ್ತಾರೆ, ಹತ್ತು ಗಂಟೆಯ ಹೊತ್ತಿಗೆ ಕಟ್ಟೆಯ ಈ ತುದಿಯಿಂದ ಆ ತುದಿಗೆ ಬಂದಿರುತ್ತಾರೆ. ನಡಿಗೆಗೆ ಹೊರಟವನಿಗೆ ಮೊದಲ ಕೆಲಸ ಅಂಟಿಕೊಳ್ಳುವುದು ಇಲ್ಲೇ. "ಹೆಂಗೂ ಹೊಂಟೀರಲ್ಲ, ಹೊಲದಾಗ ನಮ್ಮ ತಮ್ಮ ಇದ್ರ, ಟ್ರ್ಯಾಕ್ಟರ್‌ದಾವ ಬಂದಾನ ಅಂತ ಹೇಳಿಬಿಡ್ರಿ." ಎಲ್ಲರ ಕಿಸೆಯಲ್ಲೂ ಮೊಬೈಲ್ ಇರುವ ಕಾಲದಲ್ಲಿ ಇಂಥ ಸುದ್ದಿಯನ್ನು ಕಾಲ್ನಡಿಗೆಯಲ್ಲಿ ಕಳಿಸಬೇಕಾದ ಜರೂರು ಇಲ್ಲ. ಆದರೆ ಬರಿಗೈಯಲ್ಲಿ ಹೊರಟ ಮನುಷ್ಯನನ್ನು ಹಾಗೇ ಹೋಗಗೊಡುವುದು ಕಟ್ಟೆಯವರಿಗೆ ಸರಿ ಕಾಣುವುದಿಲ್ಲ. ಅವನ ಮಾನ ಉಳಿಸಲಿಕ್ಕಾಗಿಯೇ ಕೆಲಸ ಹುಟ್ಟಿಸುತ್ತಾರೆ.

ಅಗಸಿಯಾಚೆ ತಿಪ್ಪೆಗಳು, ಅವುಗಳಾಚೆ ಕಳೆದ ಸುಗ್ಗಿಯ ಕಣಿಕೆಯ ಬಣವಿಗಳು. ಬಣವಿಗಳು ಈ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಕರಗಿರುತ್ತವೆ. ಯಾರ ಬಣವಿ ಎಷ್ಟು ಉಳಿದಿದೆ ಎಂಬುದರ ಮೇಲೆ ಆ ಮನೆಯ ದನಗಳ ಸ್ಥಿತಿ, ಒಮ್ಮೊಮ್ಮೆ ಮದುವೆಯ ಮಾತುಕತೆ ಕೂಡ ನಿಲ್ಲುತ್ತದೆ. ಬಲಗಡೆಗೆ ಕುಡಿಯುವ ನೀರಿನ ಕೆರೆ. ಎರೆ ಸೀಮೆಯ ಬಾವಿಗಳಲ್ಲಿ ನೀರು ಸಪ್ಪೆಗಿಂತ ಉಪ್ಪೇ ಹೆಚ್ಚು. ಹೀಗಾಗಿ ಊರು ನಿಂತಿರುವುದು ಕೆರೆಯ ಮೇಲೆ. ಈ ಕೆರೆಯಲ್ಲಿ ಕಾಲು ತೊಳೆಯುವಂತಿಲ್ಲ, ದನ ಇಳಿಸುವಂತಿಲ್ಲ, ಬಟ್ಟೆಯ ಮಾತಂತೂ ಇಲ್ಲವೇ ಇಲ್ಲ. ಈಗ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಕೊಳ್ಳುತ್ತಾರೆ. ಆದರೂ ಜೋಳದ ಹಿಟ್ಟು ನಾದಲಿಕ್ಕೆ, ಬೇಳೆ ಬೇಯಿಸಲಿಕ್ಕೆ ಕೆರೆಯ ನೀರೇ ಬೇಕೆನ್ನುವ ಅಜ್ಜಿಯರು ಇದ್ದಾರೆ, ಬೆಳಗಿನ ಮಂಜಿನಲ್ಲಿ ಕೊಡ ಹೊತ್ತು ಬರುವವರು ಅವರ ಸೊಸೆಯಂದಿರು.

ಇನ್ನು ದಾರಿ. ಎರೆ ಮಣ್ಣಿನ ಗುಣ ತಿಳಿಯದೆ ಈ ದಾರಿ ತಿಳಿಯುವುದಿಲ್ಲ. ಈ ಮಣ್ಣಿನಲ್ಲಿ ಜೇಡಿಯ ಅಂಶ ಬಹಳ, ಅದರಲ್ಲೂ ನೀರು ಕುಡಿದು ಉಬ್ಬಿ, ಒಣಗಿದಾಗ ಕುಗ್ಗುವ ಬಗೆಯ ಜೇಡಿ. ಮಳೆಗಾಲದಲ್ಲಿ ಒಂದು ಹೆಜ್ಜೆಗೆ ಒಂದು ಸೇರು ಮಣ್ಣು ಚಪ್ಪಲಿಗೆ ಅಂಟಿ ಮನುಷ್ಯನನ್ನು ಗೇಣುದ್ದ ಎತ್ತರ ಮಾಡುತ್ತದೆ. ಆಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯುವುದೇ ರೂಢಿ. ಚಳಿಗಾಲದಲ್ಲಿ ಅದೇ ದಾರಿ ಕಲ್ಲು. ಹಸಿ ಇದ್ದಾಗ ಓಡಾಡಿದ ಚಕ್ಕಡಿಯ ಗಾಲಿ, ಎತ್ತಿನ ಗೊರಸು, ಟ್ರ್ಯಾಕ್ಟರಿನ ಟೈರು ಎಲ್ಲದರ ಅಚ್ಚುಗಳೂ ಗಟ್ಟಿಯಾಗಿ ಉಳಿದಿರುತ್ತವೆ. ಜೂನ್‌ನಲ್ಲಿ ಯಾರ ಎತ್ತು ಕುಂಟಿತ್ತೆಂಬುದನ್ನು ಜನವರಿಯಲ್ಲಿ ಓದಬಹುದು. ಇದರ ಮೇಲೆ ಪಟ್ಟಣದ ಬೂಟು ಹಾಕಿಕೊಂಡವರ ಕಣಕಾಲು ಉಳುಕುತ್ತದೆ, ಬರಿಗಾಲಿನವರು ಮೊಬೈಲ್ ನೋಡುತ್ತ ಆರಾಮವಾಗಿ ದಾಟಿ ಹೋಗುತ್ತಾರೆ.

ಹೊಲದೊಳಗೆ ಬಿರುಕುಗಳು. ಚಳಿ ಏರಿ ಹಸಿ ಆರಿದಂತೆ ಮಣ್ಣು ಬಿಡುತ್ತ ಹೋಗಿ, ಕೈ ತೂರುವಷ್ಟು ಅಗಲ, ಮೊಣಕೈ ದಾಟಿದ ಆಳದ ಸೀಳುಗಳಾಗುತ್ತವೆ. ಮೇಲಿನ ಪುಡಿಮಣ್ಣು ಇವುಗಳಲ್ಲಿ ಬಿದ್ದು ಕೆಳಗೆ ಸೇರಿ, ಮಳೆ ಬಂದಾಗ ಉಬ್ಬಿದ ಮಣ್ಣು ಮೇಲೇಳುವುದರಿಂದ ಈ ಭೂಮಿ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎಂದು ಕೃಷಿ ಪುಸ್ತಕಗಳು ಹೇಳುತ್ತವೆ. ಪುಸ್ತಕಗಳು ಹೇಳದ ಇನ್ನೊಂದು ಸಂಗತಿ: ಇವು ಊರಿನ ಸಣ್ಣ ಸಾಮಾನುಗಳ ಖಜಾನೆ. ಕಾಲುಂಗುರ, ಸುಣ್ಣದ ಡಬ್ಬಿ, ಬೀಡಿ ಕಟ್ಟು, ಚಿಲ್ಲರೆ ಎಲ್ಲ ಇದರಲ್ಲಿ ಜಮೆ. ಬಗ್ಗಿ ಕೈ ಹಾಕಲು ಚೇಳಿನ ಹೆದರಿಕೆ. "ಭೂಮ್ತಾಯಿ ಇಟಗೊಂಡ್ಲು" ಎಂದು ಮುಂದೆ ನಡೆಯುತ್ತಾರೆ; ಮೊಬೈಲ್ ಬಿದ್ದರೆ ಮಾತ್ರ ಸಲಿಕೆ ಬರುತ್ತದೆ.

ಹೊಲಗಳಲ್ಲಿ ಜೋಳ ಆಳೆತ್ತರ ದಾಟಿ ನಿಂತಿರುತ್ತದೆ. ಇದು ಮಳೆಯನ್ನು ಕಾಣದೆ ಬೆಳೆಯುವ ಬೆಳೆ. ಸೆಪ್ಟೆಂಬರ್, ಅಕ್ಟೋಬರ್‌ನ ಉತ್ತರಿ, ಹಸ್ತ ಮಳೆಗಳ ಹಸಿಗೆ ಬಿತ್ತಿದರೆ ಆಮೇಲೆ ಮೋಡ ತಿರುಗಿ ನೋಡದಿದ್ದರೂ ನೆಲದೊಳಗಿನ ಹಸಿ ಹೀರಿಕೊಂಡೇ ತೆನೆ ಕಟ್ಟುತ್ತದೆ. ಸೊಲ್ಲಾಪುರದ ಕಡೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ಮಾಲದಂಡಿ, ಅಂದರೆ ಎಂ 35-1 ತಳಿ, ಇಂದಿಗೂ ಈ ಬಯಲಿನ ದೊಡ್ಡ ಮನೆತನ. ಹೆಚ್ಚು ಇಳುವರಿಯ ಹೊಸ ತಳಿಗಳು ಬಂದವು, ಹೋದವು. ರೊಟ್ಟಿ ಬಡಿಯುವ ಹೆಂಗಸರು ಮತ್ತು ಕಣಿಕೆ ತಿನ್ನುವ ಎತ್ತುಗಳು ಒಪ್ಪದ ತಳಿಗೆ ಈ ಸೀಮೆಯಲ್ಲಿ ಬಾಳಿಕೆ ಇಲ್ಲ.

ಜೋಳದ ಹೊಲದ ಅಂಚಿಗೆ ಕುಸುಬಿಯ ಸಾಲು. ಎಳೆಯದಿದ್ದಾಗ ಇದರ ಎಲೆ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಪಲ್ಯ. ಬಲಿತ ಮೇಲೆ ಮುಳ್ಳುಬೇಲಿ. ದಾರಿಯ ದನಗಳು ಜೋಳಕ್ಕೆ ಬಾಯಿ ಹಾಕದಂತೆ ಇದು ಕಾಯುತ್ತದೆ, ಕೊನೆಗೆ ಎಣ್ಣೆಯನ್ನೂ ಕೊಡುತ್ತದೆ. ಒಂದೇ ಗಿಡದಿಂದ ಪಲ್ಯ, ಬೇಲಿ, ಎಣ್ಣೆ ಮೂರನ್ನೂ ವಸೂಲು ಮಾಡಿದ ರೈತ ಹೂವಿನ ಚೆಂದದ ಬಗ್ಗೆ ಮಾತಾಡುವುದಿಲ್ಲ. ಆ ಕೆಲಸವನ್ನು ರಜೆಗೆ ಬಂದವರು ಮಾಡುತ್ತಾರೆ, ಫೋಟೋ ತೆಗೆಯಲು ಹತ್ತಿರ ಹೋಗಿ ಪ್ಯಾಂಟು ಗೀರಿಸಿಕೊಳ್ಳುತ್ತಾರೆ.

ಪ್ಯಾಂಟಿಗೆ ಇನ್ನೂ ದೊಡ್ಡ ಶತ್ರು ಕಡಲೆ ಹೊಲ. ಮೊಣಕಾಲೆತ್ತರದ, ನಿರುಪದ್ರವಿಯೆಂದು ತೋರುವ ಈ ಗಿಡದ ಎಲೆ, ಕಾಯಿ, ಕಾಂಡದ ತುಂಬ ಸಣ್ಣ ರೋಮಗಳಿವೆ. ಅವುಗಳಿಂದ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಒಸರುತ್ತದೆ. ಬೆಳಗಿನ ಇಬ್ಬನಿ ಇದರೊಂದಿಗೆ ಕಲೆತರೆ ಹನಿಹನಿಯೂ ಹುಳಿ. ಬೂಟಿನ ಚರ್ಮ ಬಿಳಚಿಕೊಳ್ಳುತ್ತದೆ, ಕಾಲಿನ ಗೀರುಗಳು ಚುರುಗುಡುತ್ತವೆ. ಹಿಂದಿನವರು ಸಂಜೆ ಗಿಡಗಳ ಮೇಲೆ ಬಿಳಿ ಅರಿವೆ ಹಾಸಿ, ನಸುಕಿನಲ್ಲಿ ಇಬ್ಬನಿಗೆ ತೊಯ್ದ ಅರಿವೆಯನ್ನು ಹಿಂಡಿ ಈ ಹುಳಿಯನ್ನು ಬಾಟಲಿಯಲ್ಲಿ ತುಂಬಿಡುತ್ತಿದ್ದರು. ಹೊಟ್ಟೆನೋವಿಗೆ, ಅಜೀರ್ಣಕ್ಕೆ ಒಂದು ಚಮಚ. ಮಕ್ಕಳ ಹೊಟ್ಟೆನೋವು ಬಾಟಲಿ ಕಂಡ ಕೂಡಲೇ ವಾಸಿಯಾಗುತ್ತಿತ್ತು. ಸುಳ್ಳು ಹೊಟ್ಟೆನೋವಿಗೆ ಇದಕ್ಕಿಂತ ಖಚಿತವಾದ ಮದ್ದು ಆಮೇಲೆ ಬಂದಂತಿಲ್ಲ.

ಕಡಲೆಯ ಕುಡಿಯನ್ನು ಬಿತ್ತಿದ ತಿಂಗಳೊಪ್ಪತ್ತಿಗೆ ಚಿವುಟುತ್ತಾರೆ. ಗಿಡ ಟಿಸಿಲೊಡೆಯುತ್ತದೆ, ಮನೆಗೆ ಪಲ್ಯವಾಗುತ್ತದೆ, ಉಳಿದದ್ದನ್ನು ಒಣಗಿಸಿ ಬೇಸಿಗೆಗೆ ಇಟ್ಟುಕೊಳ್ಳುತ್ತಾರೆ. ಜನವರಿಗೆ ಕಾಯಿ. ದಾರಿಯಲ್ಲಿ ಹೋಗುವವರು ಎರಡು ಗಿಡ ಕಿತ್ತು ಸುಲಿದು ತಿನ್ನುತ್ತ ನಡೆಯುವುದು ಕಳ್ಳತನವಲ್ಲ. ಮೂರನೆಯ ಗಿಡಕ್ಕೆ ಕೈ ಹಾಕಿದರೆ ಎಲ್ಲಿಂದಲೋ ಕೆಮ್ಮು ಕೇಳಿಸುತ್ತದೆ. ಈ ಸೀಮೆಯಲ್ಲಿ ದಶಕಗಳ ಕಾಲ ಆಳಿದ ಕಡಲೆ ತಳಿ ಅಣ್ಣಿಗೇರಿ-1. ಅಣ್ಣಿಗೇರಿ ಇಲ್ಲಿಂದ ದೂರವಲ್ಲ, ಆದಿಕವಿ ಪಂಪ ಹುಟ್ಟಿದ ಊರೆಂದು ಹೇಳುವುದೂ ಅದನ್ನೇ. ಊರ ಕಟ್ಟೆಯಲ್ಲಿ ಅಣ್ಣಿಗೇರಿಯ ಹೆಸರು ಬಂದರೆ ಮಾತು ಪಂಪನ ಕಡೆಗಿಂತ ಕಡಲೆಯ ಕಡೆ ಹೊರಳುವುದು ಜಾಸ್ತಿ. ಇದರಿಂದ ಕವಿಗೆ ಅವಮಾನವೇನಿಲ್ಲ. ಹತ್ತನೆಯ ಶತಮಾನದಲ್ಲೂ ಕಟ್ಟೆಯ ಮಾತು ಬೆಳೆಯ ಮೇಲೆಯೇ ಇದ್ದಿರಬೇಕು.

ಹೊಲದ ಮೇಲೆ ಹಕ್ಕು ಸಾಧಿಸುವ ಇನ್ನೊಂದು ಪಂಗಡ ಗುಲಾಬಿ ಕಬ್ಬಕ್ಕಿಗಳದು. ಪೂರ್ವ ಯುರೋಪು ಮತ್ತು ಮಧ್ಯ ಏಷ್ಯಾದಲ್ಲಿ ಮರಿ ಮಾಡಿ, ಮಳೆಗಾಲ ಮುಗಿಯುವ ಹೊತ್ತಿಗೆ ಸಾವಿರಗಟ್ಟಲೆ ಇಳಿದು ಬಂದು, ಏಪ್ರಿಲ್ ತನಕ ಇಲ್ಲೇ ಠಿಕಾಣಿ. ಕಪ್ಪು ತಲೆ, ಮಾಸಿದ ಗುಲಾಬಿ ಮೈ. ಒಂದು ಗುಂಪು ಎದ್ದು ತಿರುಗಿ ಕೂತರೆ ಎಕರೆ ಜೋಳ ಒಮ್ಮೆ ತಲೆದೂಗುತ್ತದೆ. ತೆನೆ ತಿನ್ನುತ್ತವೆಂದು ಓಡಿಸುವುದು ನ್ಯಾಯವೇ, ಆದರೆ ಅವು ಮಿಡತೆಯನ್ನೂ ಕಡಲೆಯ ಕಾಯಿಕೊರಕ ಹುಳವನ್ನೂ ತಿನ್ನುತ್ತವೆ. ರೈತ ಎರಡನೆಯದನ್ನು ಬಲ್ಲ, ಲೆಕ್ಕಕ್ಕೆ ಹಿಡಿಯುವುದು ಮೊದಲನೆಯದನ್ನು. ಗದಗಿನ ದಕ್ಷಿಣಕ್ಕೆ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳದ್ದೂ ಇಂಥದೇ ಕತೆ: ಹಿಮಾಲಯವನ್ನೇ ಹಾರಿ ದಾಟಿ ಬಂದು ರಾತ್ರಿ ಹೊತ್ತು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಆ ಕೆರೆ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿ ಸೇರಿತು.

ಹಕ್ಕಿ ಕಾಯುವ ಕೆಲಸ ಹಿಂದೆ ಹುಡುಗರದು, ಹೊಲದ ನಡುವೆ ಕಟ್ಟಿದ ಅಟ್ಟದ ಮೇಲೆ, ಕೈಯಲ್ಲಿ ಕವಣೆ. ಶಾಲೆ ತಪ್ಪಿಸಲು ಇಷ್ಟು ಗೌರವದ ನೆಪ ಮತ್ತೊಂದಿರಲಿಲ್ಲ. ಈಗ ಕ್ಯಾಸೆಟ್ಟಿನ ಹಳೆಯ ಟೇಪನ್ನು ಗೂಟದಿಂದ ಗೂಟಕ್ಕೆ ಬಿಗಿದು ಕಟ್ಟುತ್ತಾರೆ. ಮೂಡಗಾಳಿಗೆ ಅದು ಕಂಪಿಸಿ ಝೇಂಕರಿಸುತ್ತದೆ, ಬಿಸಿಲಿಗೆ ಮಿಂಚುತ್ತದೆ. ಒಂದು ಕಾಲದಲ್ಲಿ ಚಾದಂಗಡಿಯಲ್ಲಿ ಜನರನ್ನು ಕೂಡಿಸಿದ ನಾಟಕದ ಹಾಡುಗಳು ಈಗ ಹಕ್ಕಿ ಓಡಿಸುತ್ತವೆ. ಹಕ್ಕಿಗಳು ನಾಲ್ಕು ದಿನ ಹೆದರಿ, ಐದನೆಯ ದಿನ ಟೇಪಿನ ಮೇಲೆಯೇ ಕೂರುತ್ತವೆ.

ನಡಿಗೆ ನಿಲ್ಲುವುದು ಹೊಗೆ ಕಂಡಲ್ಲಿ. ಹೊಲದ ನಡುವೆ ತೆಳ್ಳಗೆ ಹೊಗೆ ಎದ್ದಿದ್ದರೆ ಅಲ್ಲಿ ಸೀತನಿ ಸುಡುತ್ತಿದ್ದಾರೆ ಎಂದೇ ಅರ್ಥ. ಕಾಳು ಹಾಲುಗಟ್ಟಿ ಇನ್ನೂ ಬಲಿಯದ, ಎರಡು ವಾರಕ್ಕಿಂತ ಹೆಚ್ಚು ಉಳಿಯದ ಹದದಲ್ಲಿ ತೆನೆ ಮುರಿದು ಕುಳ್ಳಿನ ಕೆಂಡದಲ್ಲಿ ಹುದುಗಿಸುತ್ತಾರೆ. ಹಸಿರು ಸಿಪ್ಪೆ ಕಂದಿ, ಕಾಳು ಸಿಡಿಯುವ ಸದ್ದು ಬಂದಾಗ ಹೊರತೆಗೆದು ಅಂಗೈಗಳ ನಡುವೆ ತಿಕ್ಕಬೇಕು. ಆರಿದ ಮೇಲೆ ತಿಕ್ಕಿದರೆ ಕಾಳು ಬಿಡುವುದಿಲ್ಲ, ಸುಡುವಾಗ ತಿಕ್ಕಿದರೆ ಅಂಗೈ ಉಳಿಯುವುದಿಲ್ಲ. ನಡುವಿನ ಆ ಕ್ಷಣ ಗೊತ್ತಿರುವವರು ಊರಲ್ಲಿ ನಾಲ್ಕೈದು ಮಂದಿ. ಉಳಿದವರು ಅವರ ಸುತ್ತ ಕೂತು ಬಾಯಿ ಆಡಿಸುವವರು. ಸೀತನಿಗೆಂದೇ ಹೊಲದ ಮೂಲೆಯಲ್ಲಿ ಬಿತ್ತುವ ಸಿಹಿಯಾದ ಜೋಳಗಳೂ ಇವೆ. ಅವುಗಳಲ್ಲೊಂದಕ್ಕೆ ಸಕ್ಕರಿ ಮುಕ್ಕರಿ ಎಂದು ಹೆಸರು. ಕಾಳಿನ ಜೊತೆ ಬೆಲ್ಲ, ಶೇಂಗಾ ಹಿಂಡಿ, ಒಣಕೊಬ್ಬರಿ. ಕಟ್ಟೆಯ ಮೇಲೆ ಸಕ್ಕರೆ ಕಾಯಿಲೆ ಒಪ್ಪಿಕೊಂಡು ಬಂದವನ ನಿಜವಾದ ಪರೀಕ್ಷೆ ಈಗ. ಸುದ್ದಿ ಅವನಿಗಿಂತ ಮೊದಲೇ ಮೋಟಾರ್ ಸೈಕಲ್ ಹತ್ತಿ ಹೊಲ ಮುಟ್ಟಿರುತ್ತದೆ. "ಅಯ್ಯ, ಅವರಿಗೆ ಬೆಲ್ಲ ಬ್ಯಾಡ, ಸಕ್ರಿ ಐತಂತ" ಎಂದು ಒಬ್ಬಳು ತಡೆಯುತ್ತಾಳೆ. "ಒಂದ ಹರಳು ತಿಂದ್ರ ಏನಾಗೂದಿಲ್ಲ ತಗೋಳ್ರಿ ಯಪ್ಪಾ" ಎಂದು ಅಜ್ಜಿ ಮುಷ್ಟಿಗಾತ್ರದ ಹೆಂಟೆ ಇಡುತ್ತಾಳೆ. ಆರೋಗ್ಯಕ್ಕಾಗಿ ಹೊರಟ ನಡಿಗೆಯ ಪಥ್ಯ ಹೀಗೆ ಮುಗಿಯುತ್ತದೆ.

ಡಿಸೆಂಬರ್ ಜನವರಿಯ ನಡುವೆ ಬರುವ ಎಳ್ಳಮಾವಾಸ್ಯೆಯ ದಿನ ಮಾತ್ರ ಯಾರೂ ಯಾರನ್ನೂ "ಯಾಕಡೆ" ಎಂದು ಕೇಳುವುದಿಲ್ಲ. ಅಂದು ಊರೆಲ್ಲ ಹೊಲಕ್ಕೆ. ಕೊಲ್ಲಾರಿ ಕಟ್ಟಿದ ಚಕ್ಕಡಿಗಳು ಈಗ ಕಡಿಮೆ, ಟ್ರೇಲರಿನಲ್ಲಿ ಬುಟ್ಟಿಗಳೂ ಮಕ್ಕಳೂ ಒಟ್ಟಿಗೆ ಹೇರಿರುತ್ತಾರೆ. ತೆನೆ ಕಟ್ಟುತ್ತಿರುವ ಬೆಳೆಯನ್ನು ಹೊತ್ತ ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ ಎಂಬುದು ಹಬ್ಬದ ತಿರುಳು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಸಜ್ಜಿ ರೊಟ್ಟಿ, ಕಡುಬು, ಹೋಳಿಗೆ, ಪುಂಡಿಪಲ್ಯ, ಜೋಳದ ಬಾನ ಎಲ್ಲದರಲ್ಲೂ ಚೂರು ಚೂರು ತೆಗೆದು ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಮುಂದೆ ಒಬ್ಬ ಚೆಲ್ಲುತ್ತ ಕೂಗುತ್ತಾನೆ, ಹಿಂದಿನವನು ನೀರು ಚಿಮುಕಿಸುತ್ತ ಮರುಕೂಗು ಕೊಡುತ್ತಾನೆ. ಬಳಿಕ ಊಟ. ಉಂಡವರನ್ನು ಪಕ್ಕದ ಹೊಲದವರು ಕರೆಯುತ್ತಾರೆ, ಅಲ್ಲಿ ಉಂಡರೆ ಅದರ ಪಕ್ಕದವರು. ಒಂದೂವರೆ ಮೈಲಿಯ ದಾರಿ ಅಂದು ಒಂದು ಹಗಲು ಹಿಡಿಯುತ್ತದೆ, ಹಳ್ಳ ಮುಟ್ಟಿದವರು ವಿರಳ.

ಮುಟ್ಟಿದವರಿಗೆ ಕಾಣುವುದೂ ಅಷ್ಟೇನಲ್ಲ. ಬೆಣ್ಣೆಹಳ್ಳಕ್ಕೆ ಎರಡು ಅವತಾರ. ಜೋರು ಮಳೆಯಾದ ವರ್ಷ ದಂಡೆಯ ಹೊಲಗಳನ್ನು ನುಂಗಿ, ಸೇತುವೆ ಮುಳುಗಿಸಿ ಮಲಪ್ರಭೆಗೆ ನುಗ್ಗುತ್ತದೆ. ಚಳಿಗಾಲದಲ್ಲಿ ಅಲ್ಲಲ್ಲಿ ನಿಂತ ನೀರಿನ ಮಡು, ಜಾಲಿಯ ಕಂಟಿ, ಒಂದೆರಡು ಎಮ್ಮೆ. ಪ್ರವಾಹದಲ್ಲಿ ಹೊಲ ಕಳೆದುಕೊಂಡವನು ಕೂಡ ಈಗ ಅದರ ದಂಡೆಯಲ್ಲಿ ಕೂತು ಬೀಡಿ ಸೇದುತ್ತಾನೆ.

ವಾಪಸು ಬರುವಾಗ ಕೈ ಖಾಲಿ ಇರುವುದಿಲ್ಲ. ಒಬ್ಬರು ಕಡಲೆ ಗಿಡದ ಕಟ್ಟು ಕೊಡುತ್ತಾರೆ, ಇನ್ನೊಬ್ಬರು ಸೀತನಿಯ ತೆನೆ, ಮೂರನೆಯವರು ಊರಿಗೆ ಮುಟ್ಟಿಸಲು ಖಾಲಿ ಬುತ್ತಿ ಡಬ್ಬಿ, ಜೊತೆಗೆ ಬಾಯಿಮಾತಿನ ಎರಡು ಸುದ್ದಿ. ಟ್ರ್ಯಾಕ್ಟರಿನವನ ವಿಷಯ ಹೇಳುವುದು ಹೋಗುವಾಗ ಮರೆತಿತ್ತು ಎಂಬುದು ನೆನಪಾಗುವುದು ಕೆರೆಯ ಹತ್ತಿರ. ಅಷ್ಟರಲ್ಲಿ ಟ್ರ್ಯಾಕ್ಟರೇ ಧೂಳೆಬ್ಬಿಸುತ್ತ ಎದುರಿಗೆ ಬರುತ್ತದೆ, ತಮ್ಮ ಅದರ ಮೇಲೆ ಕೂತಿರುತ್ತಾನೆ. ಕಟ್ಟೆಯವರು ಡಬ್ಬಿ ಹಿಡಿದವನನ್ನು ನೋಡಿ ಸಮಾಧಾನಪಡುತ್ತಾರೆ; ಕೊನೆಗೂ ಮನುಷ್ಯನಿಗೆ ಏನೋ ಒಂದು ಕೆಲಸ ಸಿಕ್ಕಿತು.

ಈ ನಡಿಗೆಯ ಕಾಲ ಫೆಬ್ರವರಿಗೆ ಮುಗಿಯುತ್ತ ಬರುತ್ತದೆ. ಮೊದಲು ಕಡಲೆ ಕೀಳುತ್ತಾರೆ, ಹಿಂದೆಯೇ ಜೋಳವನ್ನು ಬೇರು ಸಮೇತ ಕಿತ್ತು, ಒಣಗಿಸಿ, ತೆನೆ ಮುರಿದು, ಕಣಿಕೆಯನ್ನು ಸಿವುಡು ಕಟ್ಟುತ್ತಾರೆ. ಮುಳ್ಳು ಚುಚ್ಚುವ ಕುಸುಬಿಯದು ಕಡೆಯ ಸರದಿ, ಅದಕ್ಕೆ ಕಾಲಿಗೂ ಕೈಗೂ ಅರಿವೆ ಸುತ್ತಿಕೊಂಡು ಇಳಿಯಬೇಕು. ಶಿವರಾತ್ರಿ ಕಳೆದು ಬಯಲು ಬರಿದಾದ ಮೇಲೆ ಚಕ್ಕಡಿ ದಾರಿಯ ಸುತ್ತು ಬಿಟ್ಟು ಹೊಲಗಳ ಮೇಲೆಯೇ ನೇರ ಹಾಯ್ದು ಹಳ್ಳ ಮುಟ್ಟಬಹುದು. ದೂರ ಅರ್ಧಕ್ಕೆ ಇಳಿಯುತ್ತದೆ. ಬೆಳಗಿನ ಹತ್ತಕ್ಕೇ ನೆತ್ತಿ ಸುಡುವ ಆ ದಿನಗಳಲ್ಲಿ ಈ ಉಳಿತಾಯವನ್ನು ಬಳಸಿಕೊಳ್ಳುವವು ಕುರಿಗಳು ಮಾತ್ರ.